ಇರುಳಿನ ಹಕ್ಕಿಯೂ ಮಿಂಚಿನ ಬೆಳಕೂ



ಹಗಲಿನ ಹಕ್ಕಿಗಳ ಪರಿಚಯ ನಮಗೆಲ್ಲರಿಗೂ ಅಷ್ಟಿಷ್ಟು ಉಂಟು. ಕಾಗೆ, ಗುಬ್ಬಿ, ಗೊರವಂಕ, ಗಿಳಿ, ಕೊಕ್ಕರೆ ಮೊದಲಾದುವುಗಳ ಬಣ್ಣವನ್ನೂ ನಡೆಯನ್ನೂ ಮಕ್ಕಳು ಸಹ ಬಲ್ಲರು. ಇರುಳಿನ ಹಕ್ಕಿಗಳ ಸಂಗತಿ ಹಾಗಲ್ಲ. ಅವುಗಳ ವಿಷಯದಲ್ಲಿ ನಾವು ಬಲ್ಲುದು ಬಹುಮಟ್ಟಿಗೆ ದನಿಯೊಂದನ್ನೇ. ಅಟ್ಟದ ಮೇಲೆ ಬುಸುಗುಟ್ಟುವುದೊಂದು, ಹುಣಿಸೆಯ ತೋಪಿನಲ್ಲಿ ನಡುಗುವ ದನಿಯಲ್ಲಿ ಕೂಗುವುದೊಂದು, ಬೇಲಿಯ ಬದಿಯ ಕಲ್ಲುನೆಲದಲ್ಲಿ ಕುಳಿತು ಟಕಟಕನೆ ಸದ್ದುಮಾಡುವುದೊಂದು. ದನಿ ಕೇಳಿ ರೂಪ ಕಾಣದೆ ಇದ್ದಲ್ಲಿ ಮನುಷ್ಯನ ಕಲ್ಪನೆ ಸುಮ್ಮನಿರುವುದಿಲ್ಲ. ತಾಯಂದಿರು ಮಗುವನ್ನು ಗುಮ್ಮನ ಹೆಸರಿನಿಂದ ಹೆದರಿಸಿದರು. ಬುಡುಬುಡಿಕೆಯವನು ಹಾಲಕ್ಕಿಯ ನುಡಿಯನ್ನು ಕೇಳಿಬಂದೆನೆಂದು ಹೇಳಿ ಮನೆಬಾಗಿಲಲ್ಲಿ ಕಾಸು ಪಡೆದನು. ಗೂಬೆ ಕುಳಿತ ಮನೆಯನ್ನು ಬಿಟ್ಟು ಹೋದವರೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಇತ್ತ ಬಂಗಾಳದಲ್ಲಿ ಅದೇ ಗೂಬೆ ಲಕ್ಷ್ಮಿಯ ವಾಹನವೆನಿಸಿ ಪೂಜೆಗೊಳ್ಳುತ್ತಿರುವುದನ್ನು ನೋಡಿದರೆ, ಅಪಶಕುನವು ಹಕ್ಕಿಯಲ್ಲಿ ಇಲ್ಲವೆಂಬುದಿಷ್ಟು ಸ್ಪಷ್ಟವಾಗುತ್ತದೆ.

ಈ ಹಕ್ಕಿಗಳ ನಿಜವಾದ ರೂಪವನ್ನೂ ಬಾಳನ್ನೂ ಲೋಕಕ್ಕೆ ತೋರಿಸಿಕೊಟ್ಟ ಸಾಧನಗಳಲ್ಲಿ ಮುಖ್ಯವಾದುದು ಮಿಂಚುಬೆಳಕಿನ ಛಾಯಾಚಿತ್ರ. ಕತ್ತಲೆಯಲ್ಲಿ ಕ್ಷಣಮಾತ್ರ ಬೆಳಕನ್ನು ಹೊಮ್ಮಿಸಿ, ಆ ಕ್ಷಣದಲ್ಲಿ ಕಂಡುದನ್ನು ಕ್ಯಾಮರಾದ ಫಲಕದ ಮೇಲೆ ಹಿಡಿದಿಡುವ ಈ ವಿದ್ಯೆ ಹೇಗೆ ಬೆಳೆಯಿತು, ಅದಕ್ಕೆ ಮನುಷ್ಯನು ಯಾವ ಬೆಲೆ ಕೊಟ್ಟನು, ಹಕ್ಕಿಯು ಯಾವ ಬೆಲೆ ಕೊಡಬೇಕಾಗಬಹುದು, ಇದನ್ನು ಕುರಿತು ನಾವು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮೊದಲು ಬೆಳಕಿನ ಮಾತು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀತೆ, ಯೋಹಾನೆಸ್ ಗೇಡಿಕೆ ಎಂಬಿಬ್ಬರು ಮಗ್ನೀಸಿಯಂ ಲೋಹದ ಪುಡಿಗೆ ಪೊಟಾಸಿಯಂ ಕ್ಲೋರೇಟನ್ನು ಬೆರಸಿ ಮಿಂಚುಪುಡಿಯನ್ನು ಸಿದ್ಧಪಡಿಸಿದರು. ತಟ್ಟೆಯಲ್ಲಿ ಒಂದಿಷ್ಟನ್ನು ಹರಡಿ ಕಿಡಿ ಸೋಕಿಸಿದರೆ ಅದು ಭುಗ್ಗೆಂದು ಹತ್ತಿ ಕಣ್ಣು ಕೋರೈಸುವಂತೆ ಉರಿಯುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ನ್ಯಾಯವಾದಿಯಾದ ಮೂರನೆಯ ಜಾರ್ಜ್ ಷೈರಾಸ್ ಎಂಬಾತನು ಈ ಪುಡಿಯನ್ನು ಕಾಡಿಗೆ ಒಯ್ದನು. ದೋಣಿಯ ಮೂತಿಯಲ್ಲಿ ದೀಪವಿಟ್ಟುಕೊಂಡು ಕೆರೆಯ ದಡದ ಜಿಂಕೆಗಳನ್ನು ಬೆರಗುಗೊಳಿಸಿ ಹೊಡೆಯುವುದು ಅಲ್ಲಿನ ಮೂಲನಿವಾಸಿಗಳ ಬೇಟೆಯ ಕ್ರಮ. ಷೈರಾಸನು ಆ ಕ್ರಮವನ್ನೇ ಕಲಿತು, ಬಂದೂಕವಿದ್ದೆಡೆಯಲ್ಲಿ ಕ್ಯಾಮರಾವನ್ನು ಇರಿಸಿದನು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಆತನ 74 ಚಿತ್ರಗಳು ಅಚ್ಚಾದುವು. ಭೂಗೋಳದ ಗಂಭೀರವಾದ ಪತ್ರಿಕೆಯು ಚಿತ್ರದ ಪುಸ್ತಕವಾಗಿಹೋಯಿತೆಂದು ಮುನಿದ ಹಿರಿಯರೂ ಇದ್ದರು. ಓದುಗರು ಮಾತ್ರ ಮುನಿಯಲಿಲ್ಲ.

ಆದರೆ ಹಕ್ಕಿಯ ಕೆಲಸಕ್ಕೆ ಪುಡಿಯು ಒಗ್ಗದು. ಅದು ಸಿಡಿದಾಗ ಸದ್ದು ಬಲವಾಗಿರುತ್ತದೆ. ಬಿಳಿಯ ಹೊಗೆ ಮೋಡದಂತೆ ಏಳುತ್ತದೆ. ತೇವ ತಗುಲಿದರೆ ಹತ್ತುವುದಿಲ್ಲ, ಅಜಾಗರೂಕತೆಯಾದರೆ ಕೈಯಲ್ಲಿಯೇ ಸಿಡಿಯುತ್ತದೆ. ಜಿಂಕೆಯು ಒಮ್ಮೆ ಬೆದರಿ ಓಡಿದರೆ ಮರುದಿನ ಇನ್ನೊಂದು ಬಂದೀತು. ಮರಿಗಳಿಗೆ ಉಣಿಸು ತರುವ ಹಕ್ಕಿ ಬೆದರಿ ಹೋದರೆ ಮರಿಗಳ ಗತಿಯೇನು? 1929ರ ಸುಮಾರಿಗೆ ಜರ್ಮನಿಯಲ್ಲಿ ಮಿಂಚುಬುರುಡೆ ಮಾರಾಟಕ್ಕೆ ಬಂದಿತು. ಗಾಜಿನ ಬುರುಡೆಯೊಳಗೆ ಆಮ್ಲಜನಕವನ್ನು ತುಂಬಿ, ತೆಳುವಾದ ಅಲ್ಯೂಮಿನಿಯಂ ರೇಕನ್ನು ಮುದುಡಿ ಇಟ್ಟು, ವಿದ್ಯುತ್ತಿನಿಂದ ಅದನ್ನು ಹತ್ತಿಸುವ ಏರ್ಪಾಡು ಅದು. ಸದ್ದಿಲ್ಲ, ಹೊಗೆಯಿಲ್ಲ, ಒಂದು ಬುರುಡೆಗೆ ಒಂದೇ ಮಿಂಚು, ಆಮೇಲೆ ಅದನ್ನು ಎಸೆಯತಕ್ಕದ್ದು. ಇರುಳಿನ ಹಕ್ಕಿಯ ಬಾಳನ್ನು ಗೂಡಿನ ಬಳಿಯಲ್ಲೇ ಕುಳಿತು ಚಿತ್ರಿಸುವುದು ಇದರಿಂದ ಸುಗಮವಾಯಿತು.

ಈ ಸೌಕರ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡಾತನು ಲಂಡನ್ನಿನ ಎರಿಕ್ ಹಾಸ್ಕಿಂಗ್. ಈತನು ಹುಟ್ಟಿದ್ದು 1909ರಲ್ಲಿ, ತೀರಿಕೊಂಡದ್ದು 1991ರಲ್ಲಿ. ಹಕ್ಕಿಗಳ ಚಿತ್ರವನ್ನು ತೆಗೆಯುವುದನ್ನೇ ಜೀವನೋಪಾಯವಾಗಿ ಕೈಕೊಂಡ ಮೊದಲಿಗರಲ್ಲಿ ಈತನೊಬ್ಬನು. 1937ರ ಮೇ ತಿಂಗಳಲ್ಲಿ ವೇಲ್ಸ್ ಸೀಮೆಯಲ್ಲಿ ಈತನು ಟಾನಿ ಗೂಬೆಯ ಗೂಡೊಂದರ ಎದುರು ಮರೆಗೂಡನ್ನು ಕಟ್ಟಿಕೊಂಡು ಕೆಲಸ ನಡೆಸುತ್ತಿದ್ದನು. ಟಾನಿ ಗೂಬೆ ನಮ್ಮ ದೇಶದ ತೋಪುಗಳಲ್ಲಿರುವ ಮರಗೂಬೆಯ ಹತ್ತಿರದ ಬಂಧು. ಮರಿಗಳು ಬೆಳೆದು ಗೂಡು ಬಿಡುವ ಕಾಲದಲ್ಲಿ ಬಹು ರೋಷದ ಹಕ್ಕಿ. ಒಂದು ರಾತ್ರಿ ಹಾಸ್ಕಿಂಗ್ ಕತ್ತಲೆಯಲ್ಲಿ ಮರೆಗೂಡಿನ ಕಡೆಗೆ ಹೋಗುತ್ತಿರುವಾಗ ಗೂಬೆ ಮುಖಕ್ಕೆ ಎರಗಿತು. ಬಂದುದು ಕಾಣಲಿಲ್ಲ, ರೆಕ್ಕೆಯ ಸದ್ದೂ ಕೇಳಲಿಲ್ಲ. ಉಗುರೊಂದು ಎಡಗಣ್ಣಿನ ಮಧ್ಯಕ್ಕೆ ನಾಟಿತ್ತು.

ಆಗ ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಕಣ್ಣಿಗೆ ಕೀವು ಸೇರಿತು. ಗಾಯಗೊಂಡ ಕಣ್ಣನ್ನು ಉಳಿಸಿಕೊಳ್ಳಲು ಹವಣಿಸಿದರೆ ಮತ್ತೊಂದು ಕಣ್ಣಿಗೂ ಕೇಡು ತಗುಲಿ ಎರಡೂ ಹೋಗಬಹುದೆಂಬ ಭಯವಿತ್ತು. ಹಾಸ್ಕಿಂಗ್‌ಗೆ ಆಗ 27 ವರ್ಷ. ಕಣ್ಣನ್ನೇ ನಂಬಿ ಬದುಕುವ ಕಸಬಿನವನು ಒಂದು ಕಣ್ಣನ್ನು ತೆಗೆಯಿಸಿಬಿಡಲು ಒಪ್ಪಿಗೆ ಕೊಡಬೇಕಾಯಿತು; ಕೊಟ್ಟನು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಆತನು ಬಹಳ ದಿನ ಕಾಯದೆ ಗೂಬೆಗಳ ಕೆಲಸಕ್ಕೆ ಮರಳಿದನೆಂಬುದು ಆತನ ಮನೋಧರ್ಮವನ್ನು ಸಾರುತ್ತದೆ. ಹಕ್ಕಿಯ ಮೇಲೆ ಆತನಿಗೆ ದ್ವೇಷ ಹುಟ್ಟಲಿಲ್ಲ. ತನ್ನ ಮರಿಗಳನ್ನು ಕಾಯ್ದುಕೊಳ್ಳುವುದು ಅದರ ಧರ್ಮವಷ್ಟೆ. 1945ರಲ್ಲಿ ಸಿರಿಲ್ ನ್ಯೂಬೆರಿ ಎಂಬ ಸಂಗಡಿಗನೊಡನೆ ಆತನು ಇರುಳಿನ ಹಕ್ಕಿಗಳ ವಿಷಯವಾಗಿಯೇ ಒಂದು ಗ್ರಂಥವನ್ನು ಹೊರತಂದನು. 1970ರಲ್ಲಿ ಪ್ರಕಟವಾದ ಆತ್ಮಕಥೆಗೆ ‘ಹಕ್ಕಿಗೊಂದು ಕಣ್ಣು’ ಎಂಬರ್ಥ ಬರುವ ಹೆಸರಿಟ್ಟನು. ಹಕ್ಕಿಯನ್ನು ಗುರುತಿಸುವ ಕಣ್ಣು ಎಂದೂ ಆಗುತ್ತದೆ, ಹಕ್ಕಿಗಾಗಿ ತೆತ್ತ ಕಣ್ಣು ಎಂದೂ ಆಗುತ್ತದೆ. ಇಂದಿಗೆ ಗೂಬೆಯ ಮರಿಗಳ ಕಾಲಿಗೆ ಉಂಗುರ ತೊಡಿಸುವವರು ತಲೆಗೆ ಗಟ್ಟಿಯಾದ ಟೋಪಿಯನ್ನೂ ಮುಖಕ್ಕೆ ಕವಚವನ್ನೂ ಹಾಕಿಕೊಂಡು ಮರ ಹತ್ತುವುದುಂಟು.

ಗೂಬೆ ಹಾರುವ ಸದ್ದು ಕೇಳದಿದ್ದುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪಾರಿವಾಳ ಮೇಲೆದ್ದರೆ ಪಟಪಟ ಸದ್ದು ಕೇಳುತ್ತದಲ್ಲವೆ? ಗೂಬೆಯ ರೆಕ್ಕೆಯಲ್ಲಿ ಅತ್ಯಂತ ಮುಂದಿರುವ ಗರಿಯ ಅಂಚು ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿದೆ. ಹಿಂದಣ ಅಂಚು ಜೂಲುಜೂಲಾಗಿದೆ. ಮೇಲ್ಮೈ ಮಕಮಲ್ಲಿನಂತೆ ಮೃದುವಾಗಿದೆ. ಗಾಳಿ ಅದರ ಮೇಲೆ ಹರಿಯುವಾಗ ಸುಳಿಗಳು ಚೂರುಚೂರಾಗಿ ಒಡೆದು ಸದ್ದು ಅಡಗುತ್ತದೆ. ಇದರಿಂದ ಬೇಟೆಗೆ ಎಚ್ಚರ ತಪ್ಪುವುದಷ್ಟೇ ಅಲ್ಲ, ಹಾರುತ್ತಿರುವಾಗಲೂ ಗೂಬೆಗೆ ಇಲಿಯ ಸಪ್ಪಳ ಕೇಳುತ್ತಲೇ ಇರುತ್ತದೆ. ಕಣಜದ ಗೂಬೆಯ ವೀಳ್ಯದೆಲೆಯಾಕಾರದ ಬಿಳಿಯ ಮುಖವಿದೆಯಲ್ಲ, ಅದು ಅಂದಕ್ಕಾಗಿ ಬಂದುದಲ್ಲ. ನಾವು ಕಿವಿಯ ಹಿಂದೆ ಅಂಗೈಯನ್ನು ಮರೆಮಾಡಿಕೊಳ್ಳುವಂತೆ ಅದು ದನಿಯನ್ನು ಕೂಡಿಸಿ ಕಿವಿಗೆ ಕೊಡುತ್ತದೆ. ಎರಡು ಕಿವಿಗಳಲ್ಲಿ ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಅಮೆರಿಕದ ರೋಜರ್ ಪೇನ್ ಎಂಬ ವಿಜ್ಞಾನಿಯು ಒಂದಿಷ್ಟೂ ಬೆಳಕು ಸುಳಿಯದ ಕೋಣೆಯಲ್ಲಿ ಒಣಗಿದ ಎಲೆಗಳನ್ನು ಹರಡಿ ಇಲಿಯನ್ನು ಬಿಟ್ಟು ನೋಡಿದನು. ಗೂಬೆಯು ಸಪ್ಪಳವೊಂದನ್ನೇ ಗುರಿಮಾಡಿಕೊಂಡು ಇಲಿಯನ್ನು ಹಿಡಿಯಿತು. ಇನ್ನು ಕಣ್ಣುಗಳೋ, ಗುಂಡಾಗಿರದೆ ಕೊಳವೆಯಂತಿದ್ದು ಕುಣಿಗಳಲ್ಲಿ ಬಿಗಿಯಾಗಿ ಕೂತಿವೆ, ಅವನ್ನು ಹೊರಳಿಸಲಾಗದು. ಅದಕ್ಕೆ ಪ್ರತಿಯಾಗಿ ಕೊರಳಿನಲ್ಲಿ 14 ಮಣಿಮೂಳೆಗಳಿದ್ದು, ತಲೆಯನ್ನು ಮುಕ್ಕಾಲು ಸುತ್ತಿನವರೆಗೆ ತಿರುಗಿಸಬಲ್ಲುದು. ಗೂಬೆ ತಲೆ ತಿರುಗಿಸುವುದನ್ನು ನೋಡಿ ದೆವ್ವವೆಂದು ಹೆದರಿದವರಿಗೆ ಇಷ್ಟನ್ನು ಮೊದಲೇ ಹೇಳಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಇಂತಹ ಕಿವಿಯೂ ಇಂತಹ ಕಣ್ಣೂ ಉಳ್ಳ ಹಕ್ಕಿಯ ಎದುರಿಗೆ ಕುಳಿತು ಚಿತ್ರ ತೆಗೆಯುವುದು ಹೇಗೆ? ಹಾಸ್ಕಿಂಗ್ ಮೊದಲಾದವರು ನಡೆಸಿದ ಕ್ರಮವು ದಿನಗಟ್ಟಲೆಯ ತಾಳ್ಮೆಯ ಕೆಲಸ. ಗೂಡಿಗೆ ದೂರದಲ್ಲಿ ಮೊದಲು ಕೆಲವು ಮರದ ಗಳುಗಳನ್ನು ನಿಲ್ಲಿಸುವರು. ಹಕ್ಕಿ ಅದಕ್ಕೆ ಒಗ್ಗಿದ ಮೇಲೆ ಮರುದಿನವೋ ಮೂರನೆಯ ದಿನವೋ ಅದಕ್ಕೆ ಬಟ್ಟೆಯನ್ನು ಹೊದಿಸುವರು. ಆಮೇಲೆ ದಿನಕ್ಕೆ ಇಷ್ಟಿಷ್ಟೆಂದು ಅದನ್ನು ಹತ್ತಿರಕ್ಕೆ ಸರಿಸುವರು. ಗೂಡು ಮರದ ಮೇಲಿದ್ದರೆ ಮರೆಗೂಡನ್ನೂ ಅಷ್ಟೇ ಎತ್ತರದ ಅಟ್ಟಣೆಯ ಮೇಲೆ ಕಟ್ಟಬೇಕು. ಒಳಗೆ ಹೋಗುವಾಗ ಇಬ್ಬರು ಹೋಗುವರು. ಒಬ್ಬನು ಕ್ಯಾಮರಾದೊಡನೆ ಒಳಗುಳಿಯುವನು, ಮತ್ತೊಬ್ಬನು ಹೊರಬಿದ್ದು ಬೇಕೆಂದೇ ಸದ್ದುಮಾಡುತ್ತ ದೂರ ಹೋಗಿಬಿಡುವನು. ಬಂದವರೆಲ್ಲರೂ ಹೋದರೆಂದು ಹಕ್ಕಿ ತಿಳಿಯುತ್ತದೆ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಹೋದರು ಎಂದು ಲೆಕ್ಕವಿಡುವ ಗೋಜಿಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ.

ಹಗಲಿರುವಾಗಲೇ ಉಳಿದೆಲ್ಲವನ್ನೂ ಅಣಿಮಾಡಿಕೊಳ್ಳಬೇಕು. ಗೂಬೆಯು ಪೊಟರೆಯೊಳಕ್ಕೆ ನುಗ್ಗುವ ಮುನ್ನ ಒಂದು ಕೊಂಬೆಯ ಮೇಲೆ ಕೂರುವ ರೂಢಿಯಿದ್ದರೆ ಆ ಕೊಂಬೆಗೇ ಮಸೂರವನ್ನು ಹೊಂದಿಸಿ ಬಿಗಿಯುವರು. ದೀಪದಿಂದ ಕೊಂಬೆಗೆ ಎಷ್ಟು ದೂರವೆಂಬುದನ್ನು ಅಳೆದು ನೋಡುವರು. ಈ ಅಳತೆ ಬಹು ಮುಖ್ಯ. ಏಕೆಂದರೆ ಬೆಳಕು ದೂರಕ್ಕೆ ಸರಿಯಾಗಿ ತಗ್ಗುವುದಿಲ್ಲ, ದೂರದ ವರ್ಗಕ್ಕೆ ಸರಿಯಾಗಿ ತಗ್ಗುತ್ತದೆ. 2 ಮೀಟರ್ ದೂರದಲ್ಲಿ ಬಿದ್ದ ಬೆಳಕು 4 ಮೀಟರ್ ದೂರದಲ್ಲಿ ಅರ್ಧವಾಗಿರದೆ ಕಾಲುಭಾಗವಾಗಿರುತ್ತದೆ. ಇದರಿಂದಲೇ ಇಂತಹ ಚಿತ್ರಗಳಲ್ಲಿ ಹಕ್ಕಿಯು ಬೆಳಗಿದ್ದರೂ ಹಿಂದಿನ ಕಾಡೆಲ್ಲವೂ ಮಸಿಯಂತೆ ಕಪ್ಪಾಗಿ, ಕರಿಯ ಬಟ್ಟೆಗೆ ಹಕ್ಕಿಯನ್ನು ಅಂಟಿಸಿದಂತೆ ಕಾಣುವುದು. ಆ ದೋಷವನ್ನು ನೀಗಲು ಪಕ್ಕಕ್ಕೊಂದು, ಹಿಂದಣ ಎಲೆಗಳಿಗೊಂದು ಎಂದು ಬೇರೆ ದೀಪಗಳನ್ನು ಇಡುವುದುಂಟು. ದೀಪವನ್ನು ಮಸೂರದ ಮಗ್ಗುಲಲ್ಲೇ ಇಟ್ಟರೆ ಇನ್ನೊಂದು ಕೇಡು: ಕತ್ತಲೆಗೆ ಹಿಗ್ಗಿದ ಪಾಪೆಯೊಳಕ್ಕೆ ನೇರವಾಗಿ ಹೊಕ್ಕ ಬೆಳಕು ಕಣ್ಣಿನ ಹಿಂಬದಿಗೆ ತಾಗಿ ಬಂದ ದಾರಿಯಲ್ಲೇ ಹಿಂದಿರುಗಿ, ಕಣ್ಣು ಕೆಂಡದಂತೆ ಚಿತ್ರದಲ್ಲಿ ಮೂಡುತ್ತದೆ. ದೀಪವನ್ನು ಒಂದೆರಡಡಿ ಪಕ್ಕಕ್ಕೆ ಸರಿಸಿದರೆ ಸಾಕು. ರಾತ್ರಿ ಬಂಡಿಯಲ್ಲಿ ಹೋಗುವಾಗ ರಸ್ತೆಯ ಮೇಲೆ ಎರಡು ಕೆಂಪು ಕಿಡಿಗಳು ಹೊಳೆದು ಥಟ್ಟನೆ ಹಾರಿಹೋಗುವುದನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಅದು ನತ್ತಿಂಗವೆಂಬ ಹಕ್ಕಿ; ಅದರ ಕಣ್ಣಿನ ಹಿಂದೆ ಬೆಳಕನ್ನು ಪ್ರತಿಫಲಿಸುವ ಪದರವೇ ಉಂಟು.

ಇಷ್ಟೆಲ್ಲ ಆದ ಮೇಲೆ ಕತ್ತಲೆಗಾಗಿ ಕಾಯುವುದು. ಕತ್ತಲೆ ಪೂರ್ಣವಾದ ಮೇಲೆ ಕ್ಯಾಮರಾದ ಬಾಗಿಲನ್ನು ತೆರೆದೇ ಬಿಡಬಹುದು. ಬೆಳಕೇ ಇಲ್ಲದುದರಿಂದ ಫಲಕದ ಮೇಲೆ ಏನೂ ಮೂಡದು. ಹಕ್ಕಿ ಬಂದು ಕೂತ ಸದ್ದೋ, ಮರಿಗಳ ಕೂಗೋ, ನೆರಳಿನಂತೆ ಏನೋ ಒಂದೋ ತಿಳಿದೊಡನೆ ಗುಂಡಿಯನ್ನೊತ್ತಿ ಮಿಂಚಿಸುವುದು, ಬಾಗಿಲು ಮುಚ್ಚುವುದು. ಏನು ಸಿಕ್ಕಿತೆಂಬುದು ಫಲಕವನ್ನು ತೊಳೆದ ಮೇಲೆ ಗೊತ್ತಾಗತಕ್ಕದ್ದು. ರಾತ್ರಿಯಿಡೀ ಕಾದು ಬಾಲದ ತುದಿಯೊಂದನ್ನೇ ಪಡೆದವರು ಎಷ್ಟು ಮಂದಿಯೋ! ಸಿಕ್ಕಿದ ಚಿತ್ರಗಳೋ ಬರಿಯ ಅಲಂಕಾರದವಲ್ಲ. ತಂದೆಹಕ್ಕಿಯ ಕೊಕ್ಕಿನಲ್ಲಿರುವುದು ಹೆಗ್ಗಣವೆ, ಸುಂಡಿಲಿಯೆ, ಕಪ್ಪೆಯೆ ಎಂಬುದು ಸಂಶಯಕ್ಕೆಡೆಯಿಲ್ಲದಂತೆ ಕಾಣುತ್ತದೆ. ಗೂಬೆಯು ರೈತನ ಮಿತ್ರನೆಂಬ ಮಾತಿಗೆ ಅದು ಉಗುಳಿದ ಉಂಡೆಗಳಲ್ಲಿರುವ ಇಲಿಯ ಮೂಳೆಗಳು ಒಂದು ಸಾಕ್ಷಿಯಾದರೆ ಈ ಚಿತ್ರಗಳು ಇನ್ನೊಂದು ಸಾಕ್ಷಿ.

ಮಿಂಚುಬುರುಡೆಗೂ ಒಂದು ಕೊರತೆಯಿತ್ತು. ಅದರ ಬೆಳಕು ಸೆಕೆಂಡಿನ ಐವತ್ತರಲ್ಲೊಂದು ಪಾಲಿನಷ್ಟು ಹೊತ್ತು ಉಳಿಯುತ್ತದೆ. ನಮ್ಮ ಕಣ್ಣಿಗೆ ಅದು ಕ್ಷಣವೇ ಅಲ್ಲ. ಆದರೆ ರೆಕ್ಕೆಯ ತುದಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುತ್ತಿದೆಯೆಂದು ಇಟ್ಟುಕೊಂಡರೆ ಅಷ್ಟರೊಳಗೆ ಅದು 10 ಸೆಂಟಿಮೀಟರ್ ಸರಿದಿರುತ್ತದೆ. ಚಿತ್ರದಲ್ಲಿ ರೆಕ್ಕೆಯಿರುವೆಡೆ ಮಂಜು ಮಾತ್ರ ಕಾಣುತ್ತದೆ. ಈ ತೊಡಕನ್ನು ಬಿಡಿಸಿದ್ದು ಅಮೆರಿಕದ ಮಸಾಚುಸೆಟ್ಸ್ ತಂತ್ರಶಿಲ್ಪ ವಿದ್ಯಾಲಯದ ಹೆರಾಲ್ಡ್ ಎಜರ್ಟನ್. ಕಂಡೆನ್ಸರ್ ಎಂಬ ಪಾತ್ರದಲ್ಲಿ ವಿದ್ಯುತ್ತನ್ನು ಬಹಳ ಒತ್ತಡಕ್ಕೆ ಏರಿಸಿ ಕೂಡಿಟ್ಟು, ಅನಿಲ ತುಂಬಿದ ಗಾಜಿನ ಕೊಳವೆಯ ಮೂಲಕ ಅದನ್ನು ಒಮ್ಮೆಗೇ ಹರಿಯಬಿಟ್ಟರೆ ಸೆಕೆಂಡಿನ ಸಾವಿರಾರು ಪಾಲಿನಲ್ಲೊಂದರಷ್ಟು ಹೊತ್ತಿನ ಮಿಂಚು ಹುಟ್ಟುತ್ತದೆ. 1930ರ ದಶಕದಲ್ಲಿ ಎಜರ್ಟನ್ ಈ ಬೆಳಕಿನಿಂದ ಝೇಂಕಾರದ ಹಕ್ಕಿಗಳ ರೆಕ್ಕೆಯನ್ನು ಗಾಳಿಯಲ್ಲಿ ನಿಲ್ಲಿಸಿ ತೋರಿಸಿದನು. ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲಿನಲ್ಲಿ, ನಾವು ಹೇಳಿದ ಆ ರೆಕ್ಕೆಯ ತುದಿ ಸರಿಯುವುದು ಒಂದೇ ಮಿಲಿಮೀಟರ್. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಹಾಸ್ಕಿಂಗ್‌ಗಾಗಿ ಫಿಲಿಪ್ ಹೆನ್ರಿ ಎಂಬ ಮಿತ್ರನು ಇಂತಹ ಸಲಕರಣೆಯನ್ನು ಕಟ್ಟಿಕೊಟ್ಟನು. ಅದು ಹೊರಲು ಭಾರವಾದುದು, ಮುಟ್ಟಲು ಅಪಾಯಕರವಾದುದು. ಇದರ ಜೊತೆಗೆ, ಹಕ್ಕಿಯು ಬೆಳಕಿನ ಕಿರಣವೊಂದನ್ನು ಅಡ್ಡಹಾಯ್ದರೆ ಕ್ಯಾಮರಾ ತಾನಾಗಿ ಚಿತ್ರ ತೆಗೆಯುವ ಏರ್ಪಾಡೂ ಸೇರಿತು. ಮನುಷ್ಯನ ಬೆರಳು ಹಾರುವ ಹಕ್ಕಿಗೆ ಎಂದೂ ಸಮನಾಗದು.

ಹಾಸ್ಕಿಂಗ್‌ಗೆ ಎಲ್ಲಕ್ಕಿಂತ ಹೆಚ್ಚು ಕೀರ್ತಿ ತಂದ ಚಿತ್ರ ಹೀಗೆ 1948ರಲ್ಲಿ ಬಂದುದು. ಬಾನುಲಿಯಲ್ಲಿ ಚಿತ್ರವನ್ನು ತೋರಿಸುವ ಉಪಾಯವಿಲ್ಲ; ಮಾತಿನಿಂದ ಹೇಳುತ್ತೇವೆ. ಕಣಜದ ಗೂಬೆಯೊಂದು ನಮಗೆ ಎದುರಾಗಿ ಇದೆ. ಎರಡು ರೆಕ್ಕೆಗಳೂ ಮೇಲೆತ್ತಿ ಹರಡಿವೆ, ಎಡಬಲಗಳು ಅಳೆದಿಟ್ಟಂತೆ ಸಮವಾಗಿವೆ. ಒಂದೊಂದು ಗರಿಯನ್ನೂ ಎಣಿಸಬಹುದು. ಕೊಕ್ಕಿನಲ್ಲಿ ಸಣ್ಣದೊಂದು ಹುಲ್ಲಿಲಿ ಇದೆ. ಇಂಗ್ಲಿಷರಿಗೆ ಇದು ತಮ್ಮ ಮನೆತನಗಳ ಲಾಂಛನದ ಹಕ್ಕಿಯಂತೆ ತೋರಿತು. ನಮ್ಮವರು ನೋಡಿದರೆ ಮೈಸೂರಿನ ಗಂಡಭೇರುಂಡ ನೆನಪಾಗುತ್ತದೆ, ತಲೆ ಮಾತ್ರ ಒಂದು ಕಡಮೆ. ಎಷ್ಟೋ ಶತಮಾನ ಶಿಲ್ಪಿಗಳು ಮನಸ್ಸಿನಲ್ಲಿ ಕಂಡು ಕೆತ್ತಿದ ನಿಲುವನ್ನು ನಿಜವಾದ ಹಕ್ಕಿಯೂ ಕ್ಷಣಮಾತ್ರ ತಾಳುತ್ತದೆಂಬುದನ್ನು ಈ ಮಿಂಚು ತೋರಿಸಿತು.

ನಮ್ಮ ದೇಶದಲ್ಲಿ ರಾತ್ರಿಯ ಚಿತ್ರಕ್ಕೆ ದಾರಿ ಹಾಕಿದವನು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್. ಕಾಡುದಾರಿಗೆ ಅಡ್ಡಲಾಗಿ ತೆಳುವಾದ ತಂತಿಯನ್ನು ಹೂಡಿ, ಹುಲಿ ಅದನ್ನು ತುಳಿದರೆ ಮಿಂಚುಪುಡಿ ಹತ್ತಿ ಚಿತ್ರ ಮೂಡುವಂತೆ ಮಾಡಿದ ಆತನ ಕೃತಿ 1927ರಲ್ಲಿ ಹೊರಬಿದ್ದಿತು. ಆತನದು ಹೆಚ್ಚಾಗಿ ಮೃಗಗಳ ಕೆಲಸ. ಆದರೆ ಅದೇ ಉಪಾಯವು ಮುಂದೆ ಒಂದು ಹಕ್ಕಿಗೆ ಒದಗಿದ ಕಥೆಯನ್ನು ಹೇಳಲೇಬೇಕು. ನೆರೆಯ ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಕಲಿವಿಕೋಡಿಯೆಂದು ತೆಲುಗರು ಕರೆಯುವ ಒಂದು ನೆಲದ ಹಕ್ಕಿಯಿದೆ. ಜರ್ಡನ್ ಎಂಬ ಸೈನ್ಯದ ವೈದ್ಯನು 1848ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದನು. 1900ರ ತರುವಾಯ ಯಾರಿಗೂ ಕಾಣದೆ, ವಂಶವೇ ಅಳಿಯಿತೆಂದು ವಿದ್ವಾಂಸರು ನಂಬಿಬಿಟ್ಟಿದ್ದರು. ಹಗಲಿನಲ್ಲಿ ಹುಡುಕಿದುದೇ ಅದಕ್ಕೆ ಒಂದು ಕಾರಣವಿರಬೇಕು. 1986ರ ಜನವರಿಯಲ್ಲಿ, ಮುಂಬಯಿಯ ಪ್ರಕೃತಿಚರಿತ್ರೆಯ ಸಂಘದವರು ಶೋಧನೆ ನಡೆಸುತ್ತಿದ್ದಾಗ, ಅಲ್ಲಿಯ ಹಳ್ಳಿಯವನೊಬ್ಬನು ರಾತ್ರಿ ಕೈದೀಪದ ಬೆಳಕಿನಲ್ಲಿ ಅದನ್ನು ಕಂಡು ಹಿಡಿದು ತಂದನು. ಹಿಡಿದ ಹಕ್ಕಿ ಬೇಗನೆ ಸತ್ತಿತು. ಆದುದರಿಂದ ಮುಂದಿನ ಶೋಧಕರು ಹಿಡಿಯುವ ಕ್ರಮವನ್ನು ಬಿಟ್ಟು, ಪೊದೆಗಳ ನಡುವೆ ನುಣ್ಣನೆಯ ಮಣ್ಣಿನ ಪಟ್ಟೆಗಳನ್ನು ಹಾಸಿ ಹೆಜ್ಜೆಯ ಗುರುತನ್ನು ನೋಡಿದರು, ತಾನಾಗಿ ಮಿಂಚುವ ಕ್ಯಾಮರಾಗಳನ್ನು ಅಲ್ಲಲ್ಲಿ ಹೂಡಿಟ್ಟು ಬಂದರು. ಮನುಷ್ಯರಿಲ್ಲದ ಕಾಡಿನಲ್ಲಿ ಹಕ್ಕಿಯು ತಾನಾಗಿ ನಡೆದುಬಂದು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಿತು. ಅದು ಎಂತಹ ಪೊದೆಗಳ ನಡುವೆ ಓಡಾಡುತ್ತದೆಂಬುದು ಹೀಗೆ ಗೊತ್ತಾದ ಮೇಲೆಯೇ ಎಂತಹ ನೆಲವನ್ನು ಉಳಿಸಬೇಕೆಂಬುದೂ ಗೊತ್ತಾದುದು. ಮಿಂಚುಬೆಳಕಿನ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ನಮಗೆ ಇದೇ ಅತ್ಯಂತ ಬಲವಾದುದಾಗಿ ತೋರುತ್ತದೆ.

ಇನ್ನು ಎದುರುಪಕ್ಷದ ಮಾತನ್ನು ಕೇಳಬೇಕು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಇಂತಹ ಬೆಳಕು ಬಡಿದರೆ ಹಕ್ಕಿಗೆ ಕೇಡಾಗದೆ? ಆಗದೆಂದು ಹೇಳುವವರು ಸಿಡಿಲಿನ ಮಿಂಚನ್ನು ಉದಾಹರಿಸುತ್ತಾರೆ. ಮಳೆಗಾಲದಲ್ಲಿ ಅಷ್ಟು ದೊಡ್ಡ ಮಿಂಚು ಹೊಳೆದರೂ ಗೂಬೆಗಳು ಬಾಳುತ್ತಿಲ್ಲವೆ ಎನ್ನುತ್ತಾರೆ. ಕ್ಷಣಾರ್ಧದ ಮಿಂಚಿಗಿಂತ ಕ್ಯಾಮರಾದ ಕ್ಲಿಕ್ಕೆಂಬ ಸದ್ದಿಗೇ ಹಕ್ಕಿಗಳು ಹೆಚ್ಚು ಬೆದರುವುದನ್ನು ಕಂಡವರೂ ಇದ್ದಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಹೋಲಿಕೆಯು ಪೂರ್ತಿ ಒಪ್ಪತಕ್ಕದ್ದಲ್ಲ. ಆಕಾಶದ ಮಿಂಚು ಗೂಡಿನ ಬಾಗಿಲಿಗೆ ಎರಡು ಗಜ ದೂರದಲ್ಲಿ ನಿಂತು ಹೊಳೆಯುವುದಿಲ್ಲ. ಒಂದೇ ಹಕ್ಕಿಯನ್ನು ಗುರಿಮಾಡಿ ಒಂದು ರಾತ್ರಿಯಲ್ಲಿ ನೂರು ಸಲ ಹೊಳೆಯುವುದಿಲ್ಲ. ಹಾಸ್ಕಿಂಗ್‌ನ ಕಾಲದಲ್ಲಿ ಒಂದು ಮಿಂಚಿಗೆ ಒಂದು ಬುರುಡೆ, ಒಂದು ಫಲಕ ಖರ್ಚಾಗುತ್ತಿದ್ದುವು. ಆ ಖರ್ಚೇ ಹಕ್ಕಿಗೆ ಒಂದು ರಕ್ಷೆಯಾಗಿತ್ತು. ಈಗ ಗುಂಡಿಯನ್ನು ಒತ್ತಿದಷ್ಟೂ ಮಿಂಚು ಬರುತ್ತದೆ, ಖರ್ಚಿನ ಅಂಕೆಯಿಲ್ಲ. ಕಣ್ಣು ಮಸಕಾದ ಗೂಬೆಯು ತಂತಿಗೋ ಕೊಂಬೆಗೋ ಬಡಿದುಕೊಳ್ಳಬಹುದೆಂಬುದನ್ನೂ, ಬೇಟೆಯ ಹೊತ್ತು ತಪ್ಪಿ ಮರಿಗಳು ಹಸಿದಿರಬಹುದೆಂಬುದನ್ನೂ ಅಲ್ಲಗಳೆಯುವುದು ಹೇಗೆ?

ನಮ್ಮ ಅಭಿಪ್ರಾಯದಲ್ಲಿ ಮಿಂಚಿಗಿಂತ ಅದಕ್ಕೆ ಮುಂಚೆ ಹಿಡಿಯುವ ದೀಪವು ಹೆಚ್ಚು ಕೇಡಿನದು. ಹಕ್ಕಿಯನ್ನು ಹುಡುಕಲೆಂದು, ಮಸೂರವನ್ನು ಹೊಂದಿಸಲೆಂದು ಪ್ರಬಲವಾದ ಕೈದೀಪವನ್ನು ನಿಮಿಷಗಟ್ಟಲೆ ಮುಖಕ್ಕೆ ಹಿಡಿಯುತ್ತಾರೆ. ಹಕ್ಕಿ ಕದಲದೆ ಕೂತರೆ ಅದಕ್ಕೆ ಬೇಸರವಿಲ್ಲವೆಂದು ತಿಳಿಯುತ್ತಾರೆ. ದೀಪಕ್ಕೆ ಬೆರಗಾಗಿ ನಿಂತ ಜಿಂಕೆಯನ್ನು ಹೊಡೆಯುತ್ತಿದ್ದ ಬೇಟೆಗಾರನಿಗೆ ಆ ಕದಲದಿರುವಿಕೆಯ ಅರ್ಥ ಚೆನ್ನಾಗಿ ಗೊತ್ತಿತ್ತು. ದೀಪವು ಬೇಕೇಬೇಕಾದಲ್ಲಿ ಅದಕ್ಕೆ ಕೆಂಪು ಗಾಜನ್ನು ಮರೆಮಾಡಿ, ನೇರವಾಗಿ ಹಿಡಿಯದೆ ಬದಿಗೆ ಹಿಡಿಯುವುದು ಮೇಲು. ಗೂಡಿನ ಬಳಿಯ ಚಿತ್ರವಂತೂ ಶೋಧನೆಯ ಪ್ರಯೋಜನವಿಲ್ಲದ ಪಕ್ಷದಲ್ಲಿ ಇನ್ನು ಸಾಕೆಂದೇ ನಾವು ಹೇಳುತ್ತೇವೆ. ಹಾಸ್ಕಿಂಗ್ ಮೊದಲಾದವರು ತೆಗೆದಾಗ ಅಂತಹ ಚಿತ್ರಗಳಿಲ್ಲದೆ ಹಕ್ಕಿಯ ಬಾಳೇ ಗೊತ್ತಿರಲಿಲ್ಲ. ಗೊತ್ತಾಗಿರುವುದನ್ನೇ ಸಾವಿರದೊಂದನೆಯ ಸಲ ತೆಗೆಯಲು ಮರಿಗಳನ್ನು ಅಪಾಯಕ್ಕೆ ಒಡ್ಡುವುದೇತಕ್ಕೆ? ಪಕ್ಷಿವೀಕ್ಷಕರ ಬಳಗಗಳಲ್ಲಿ ಗೂಡಿನ ಚಿತ್ರಗಳಿಗೆ ಈಗ ಮೊದಲಿನ ಮನ್ನಣೆಯಿಲ್ಲ.

ಮತ್ತೊಂದು ಸಂಗತಿಯನ್ನು ಹೇಳಲು ನಮಗೆ ಮನಸ್ಸು ಕುಗ್ಗುತ್ತದೆ. ನಮ್ಮ ದೇಶದಲ್ಲಿ ಮಾಟಮಂತ್ರಗಳಿಗಾಗಿ ಗೂಬೆಗಳನ್ನು ಹಿಡಿದು ಮಾರುವ ಕಳ್ಳವ್ಯಾಪಾರವುಂಟು. ದೀಪಾವಳಿಯ ಹೊತ್ತಿಗೆ ಅದು ಹೆಚ್ಚುತ್ತದೆಂದು ಈ ವ್ಯಾಪಾರವನ್ನು ಶೋಧಿಸಿದ ಟ್ರಾಫಿಕ್ ಎಂಬ ಸಂಸ್ಥೆ 2010ರಲ್ಲಿ ವಿವರವಾಗಿ ವರದಿ ಮಾಡಿತು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಗೂಬೆಯನ್ನು ಹಿಡಿಯುವುದನ್ನೂ ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿದೆ, ಆದಾಗ್ಯೂ ನಡೆಯುತ್ತಿದೆ. ಹೀಗಿರುವಲ್ಲಿ ಚಿತ್ರದ ಕೆಳಗೆ ಇಂತಹ ಊರಿನ ಇಂತಹ ದೇವಾಲಯದ ಗೋಪುರದಲ್ಲಿ ತೆಗೆದುದು ಎಂದು ಬರೆದು ಹತ್ತು ಮಂದಿಗೆ ತಿಳಿಸುವುದು ಬಲೆಗಾರನಿಗೆ ವಿಳಾಸ ಬರೆದುಕೊಟ್ಟಂತೆ ಆಗುತ್ತದೆ. ಚಿತ್ರದ ಹಿನ್ನೆಲೆಯಲ್ಲಿ ಗೋಪುರವೇ ಕಾಣುತ್ತಿದ್ದರೆ ಹೆಸರು ಬರೆಯದಿದ್ದರೂ ಫಲವಿಲ್ಲ. ಜಿಲ್ಲೆಯ ಹೆಸರಿಗಿಂತ ಹೆಚ್ಚಿನದನ್ನು ಹೇಳದಿರುವುದು ಒಳ್ಳೆಯದು.

ಈ ವಿದ್ಯೆಯಲ್ಲಿ ಆಸಕ್ತಿಯುಳ್ಳ ತರುಣರು ನಿರಾಶರಾಗಬೇಕಾದುದಿಲ್ಲ. ಈಗಿನ ಕ್ಯಾಮರಾಗಳು ಮಂದವಾದ ಬೆಳಕನ್ನು ಹೀರಿಕೊಳ್ಳುವ ಶಕ್ತಿಯಲ್ಲಿ ಹಳೆಯ ಫಲಕಗಳನ್ನು ಬಹಳ ಹಿಂದೆ ಹಾಕಿವೆ. ಹಾಲಕ್ಕಿಯು ಮುಸ್ಸಂಜೆಯಲ್ಲಿ, ಇನ್ನೂ ಬೆಳಕಿರುವಾಗಲೇ, ಪೊಟರೆಯಿಂದ ಹೊರಗೆ ಬಂದು ಕೂರುತ್ತದೆ. ಆಮೇಲೆ ಬೀದಿಯ ವಿದ್ಯುದ್ದೀಪದ ಸುತ್ತ ಹುಳುಗಳು ನೆರೆದಾಗ ಅಲ್ಲಿಗೇ ಬಂದು, ತಂತಿಯ ಮೇಲೆ ಕುಳಿತು, ಕೆಳಗಿಳಿದು ಹಿಡಿದು, ಮತ್ತೆ ಅದೇ ಎಡೆಗೆ ಬಂದು ಕೂರುತ್ತದೆ. ಮುನಿಸಿಪಾಲಿಟಿಯವರು ಒದಗಿಸಿದ ಆ ದೀಪಕ್ಕೆ ಹಕ್ಕಿಯು ಆಗಲೇ ಒಗ್ಗಿಕೊಂಡಿದೆ. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಮಸೂರದ ಬಾಯಿಯನ್ನು ಪೂರ್ತಿ ತೆರೆದು, ಅದು ಮರಳಿ ಕೂರುವ ಎಡೆಗೆ ಮೊದಲೇ ಹೊಂದಿಸಿಟ್ಟುಕೊಂಡು ಕಾದರೆ, ಮಿಂಚಿನ ಹಂಗಿಲ್ಲದೆ ಚಿತ್ರ ಸಿಕ್ಕುತ್ತದೆ. ಹಿಂದಣ ಕಪ್ಪಿನ ಬದಲು ಬೀದಿಯ ಗೋಡೆಯೂ ಮರವೂ ಅದರಲ್ಲಿ ಕಾಣುವುವು. ಅದಕ್ಕೂ ಮೀರಿ ಮಿಂಚು ಬೇಕೆನಿಸಿದರೆ, ಗೂಡಿನಿಂದ ದೂರದಲ್ಲಿ, ದೀಪದ ಶಕ್ತಿಯನ್ನು ಆದಷ್ಟು ತಗ್ಗಿಸಿ, ಒಂದೆರಡು ಸಲ ಮಿಂಚಿಸಿ ಎದ್ದುಬಿಡಬೇಕು. ಶಕ್ತಿ ತಗ್ಗಿದಷ್ಟೂ ಮಿಂಚಿನ ಅವಧಿಯೂ ತಗ್ಗುವುದರಿಂದ ರೆಕ್ಕೆಯ ಗರಿಗಳು ಇನ್ನೂ ನಿಚ್ಚಳವಾಗಿ ಮೂಡುತ್ತವೆ.